ಬೀರನ ಏಟು

ಪಾಂಡವಪುರದ ಕಡೆ ಇರುವ ನಮ್ಮ ಅಜ್ಜಿ ಮನೆಯ ನಡುಬಾಗಿಲಿನ ವಾಡಕ್ಕೆ ಕೊಡಲಿ ಏಟು ಬಿದ್ದಿದೆ. ದೂರದಿಂದ ನೋಡಿದರೆ ಒಂದೇ ಏಟು. ಹತ್ತಿರ ಹೋಗಿ ನೋಡಿದರೆ ಮೂರು. ಎರಡು ಸುಮ್ನೆ ತಾಗಿ ಜಾರಿವೆ. ಮೂರನೆಯದು ಮಾತ್ರ ಮರದೊಳಗೆ ಒಂದು ಬೆರಳಿನಷ್ಟು ಇಳಿದಿದೆ. ಹಬ್ಬಹಬ್ಬಕ್ಕೂ ಎಣ್ಣೆ ಬಳಿದು ವಾಡವೆಲ್ಲ ಕಪ್ಪಾಗಿದೆ, ಏಟಿನ ಒಳಗೂ ಕಪ್ಪೇ. ಆದರೆ ಬೆರಳಿಟ್ಟರೆ ಅಂಚು ಇನ್ನೂ ಚೂಪಾಗಿದೆ.

ಬೇಸಿಗೆ ರಜಕ್ಕೆ ಮೈಸೂರಿನಿಂದ ಹೋಗುತ್ತಿದ್ದ ನಮಗೆ ಇದೇ ದೊಡ್ಡ ವಿಷಯ. ಅಜ್ಜಿ ರಾಗಿ ಕೇರುತ್ತಾ ಕೂತಿದ್ದಾಗ ಒಂದು ಸಲ ಕೇಳಿದೆವು. ಮೊರದಿಂದ ಕಣ್ಣು ಎತ್ತದೆ, 'ಅದು ಬೀರಂದು ಏಟು ಕಣ್ರಲಾ, ಮುಟ್‌ಬ್ಯಾಡಿ, ಸಿಬ್ರು ಚುಚ್ಚುತ್ತೆ' ಅಂದಳು. ಅಷ್ಟೇ. ಆಮೇಲೆ ಎಷ್ಟು ಕೇಳಿದರೂ 'ಸುಮ್ಕಿರ್ರಲಾ'.

ಬೀರ ಯಾರು? ನಾವೇ ಮಾಡಿಕೊಂಡೆವು. ಅಕ್ಕ ಅವನಿಗೆ ಕುಂಟು ಕಾಲು ಕೊಟ್ಟಳು. ದೊಡ್ಡಪ್ಪನ ಮಗ ಒಂದು ಕಣ್ಣು ಕಿತ್ತ. ಅವನು ನಮ್ಮ ದಾಯಾದಿ, ಜಮೀನಿಗಾಗಿ ಬಂದವನು ಅಂತ ನಾನು ಸೇರಿಸಿದೆ. ಮನೆಯಲ್ಲಿ ಯಾವಾಗಲೂ ಕೋರ್ಟು, ಪಹಣಿ ಅನ್ನೋ ಮಾತು ಕಿವಿಗೆ ಬೀಳುತ್ತಿತ್ತಲ್ಲ. ರಾತ್ರಿ ಕರೆಂಟ್ ಹೋದರೆ ಸಾಕು, ಯಾರಾದರೊಬ್ಬರು 'ಬೀರ ಬಂದ' ಅಂತ ಕೂಗುವುದು, ಎಲ್ಲರೂ ಬಿದ್ದೂ ಎದ್ದೂ ಪಡಸಾಲೆ ಮೂಲೆಗೆ ಓಡಿ ಬಚ್ಚಿಟ್ಟುಕೊಳ್ಳುವುದು.

ಈಗ ಯಾಕೆ ಇದೆಲ್ಲ ಅಂದರೆ, ನನಗೆ ತುಂಬಾ ಇಷ್ಟವಾದ ಒಂದು ಸಿನಿಮಾದಲ್ಲೂ ಹೀಗೇ ಬಾಗಿಲಿಗೆ ಬಿದ್ದ ಒಂದು ಕೊಡಲಿ ಇದೆ. ಜಾನ್ ಕಾರ್ಪೆಂಟರ್ ಮಾಡಿದ 'ದ ಥಿಂಗ್', 1982. ಅಂಟಾರ್ಕ್ಟಿಕಾದ ಒಂದು ಅಮೆರಿಕನ್ ಕ್ಯಾಂಪು. ಅಲ್ಲಿಗೆ ಒಂದು ನಾಯಿ ಓಡಿ ಬರುತ್ತದೆ. ಹಿಂದೆಯೇ ನಾರ್ವೆಯವರ ಹೆಲಿಕಾಪ್ಟರ್ ಬಂದು ಆ ನಾಯಿಗೆ ಗುಂಡು ಹಾರಿಸುತ್ತಿದೆ. ಯಾಕೆ ಅಂತ ಹೇಳಲು ಆ ನಾರ್ವೆಯವರು ಉಳಿಯುವುದಿಲ್ಲ. ಅವರ ಕ್ಯಾಂಪಿನಲ್ಲಿ ಏನಾಯಿತು ನೋಡೋಣ ಅಂತ ಪೈಲಟ್ ಮ್ಯಾಕ್‌ರೆಡಿ ಮತ್ತು ಡಾಕ್ಟರು ಹೋಗುತ್ತಾರೆ. ಮ್ಯಾಕ್‌ರೆಡಿ ಅವರನ್ನು ಸ್ವೀಡನ್ನಿನವರು ಅಂತಲೇ ಅನ್ನುವುದು, ಡಾಕ್ಟರು ತಿದ್ದುವುದು, ಇದೊಂದು ತಮಾಷೆ. ಉತ್ತರದವರು ನಮ್ಮನ್ನೆಲ್ಲ ಸಾರಾಸಗಟಾಗಿ ಮದ್ರಾಸಿ ಅಂದುಬಿಡುತ್ತಾರಲ್ಲ, ಹಾಗೆ.

ಅಲ್ಲಿ ಎಲ್ಲ ಸುಟ್ಟು ಹೋಗಿದೆ. ಗಾಳಿ ಮಾತ್ರ ಬೀಸುತ್ತಿದೆ. ಬಾಗಿಲಲ್ಲಿ ಕಚ್ಚಿಕೊಂಡ ಒಂದು ಕೊಡಲಿ. ಕುರ್ಚಿಯಲ್ಲಿ ಕೂತಂತೆಯೇ ಕತ್ತು ಕುಯ್ದುಕೊಂಡು ಸತ್ತವನೊಬ್ಬ, ಸುರಿದ ರಕ್ತ ಹಾಗೇ ಹೆಪ್ಪುಗಟ್ಟಿದೆ. ನಡುವೆ ತೊಟ್ಟಿಯಂತೆ ಟೊಳ್ಳಾದ ದೊಡ್ಡ ಮಂಜಿನ ಗಡ್ಡೆ. ಹೊರಗೆ ಅರ್ಧ ಸುಟ್ಟ ಒಂದು ದೇಹ, ಅದಕ್ಕೆ ಎರಡು ಮುಖ, ಒಂದರೊಳಗೊಂದು ಕರಗಿ ಅಂಟಿಕೊಂಡಂತೆ. ಯಾರೂ ಏನೂ ವಿವರಿಸುವುದಿಲ್ಲ. ಒಂದಷ್ಟು ಕಾಗದ, ಟೇಪು ಎತ್ತಿಕೊಂಡು, ಆ ದೇಹವನ್ನೂ ಕಟ್ಟಿಕೊಂಡು ವಾಪಸ್ ಬರುತ್ತಾರೆ.

ನಾನು ಇದನ್ನು ಮೊದಲು ನೋಡಿದ್ದು ಸರಸ್ವತಿಪುರಂನ ಒಂದು ರೂಮಿನಲ್ಲಿ, ಕಾಲೇಜು ಓದುವಾಗ, ಗೆಳೆಯನ ಕಂಪ್ಯೂಟರಿನಲ್ಲಿ. ಎರಡು ಸಿಡಿ. ಎರಡನೆಯದಕ್ಕೆ ಗೀರು ಬಿದ್ದಿತ್ತು. ಸಿನಿಮಾದ ಅತಿ ಮುಖ್ಯವಾದ ಕಡೆ ಬಂದು ನಿಂತಿತು. ಬೇರೆ ಲೋಕದಿಂದ ಬಂದ ಆ ಪ್ರಾಣಿ ಯಾರನ್ನು ನುಂಗುತ್ತದೋ ಅವರಂತೆಯೇ ಆಗಿಬಿಡುತ್ತದೆ. ಹಾಗಾಗಿ ಕ್ಯಾಂಪಿನಲ್ಲಿ ಯಾರು ಮನುಷ್ಯರು, ಯಾರು ಅಲ್ಲ, ಯಾರಿಗೂ ಗೊತ್ತಿಲ್ಲ. ಮ್ಯಾಕ್‌ರೆಡಿ ಎಲ್ಲರನ್ನೂ ಕಟ್ಟಿಹಾಕಿ ಒಬ್ಬೊಬ್ಬರ ರಕ್ತ ಒಂದೊಂದು ತಟ್ಟೆಗೆ ತೆಗೆಯುತ್ತಾನೆ. ತಾಮ್ರದ ತಂತಿ ಕಾಯಿಸಿ ಅದಕ್ಕೆ ಅದ್ದುತ್ತಾನೆ. ಆ ಪ್ರಾಣಿಯ ಒಂದೊಂದು ಹನಿಯೂ ತಾನೇ ಒಂದು ಜೀವ, ಕಾದ ತಂತಿ ತಾಗಿದರೆ ಜೀವ ಉಳಿಸಿಕೊಳ್ಳಲು ನೋಡುತ್ತದೆ ಅನ್ನುವುದು ಅವನ ಲೆಕ್ಕ. ಚುಸ್. ಏನೂ ಇಲ್ಲ. ಇನ್ನೊಂದು ತಟ್ಟೆ. ಚುಸ್. ಏನೂ ಇಲ್ಲ. ತಂತಿ ಮುಂದಿನ ತಟ್ಟೆಯ ಕಡೆ ಹೋಯಿತು, ನಮ್ಮ ಸಿಡಿ ಡ್ರೈವ್ ಗೊರಗೊರ ಅಂದಿತು, ಅಲ್ಲಿಗೆ ಚಿತ್ರ ನಿಂತಿತು. ಬಟ್ಟೆಯಿಂದ ಒರೆಸಿದೆವು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆವು. ಊಹೂಂ.

ಬೇರೆ ಸಿಡಿ ಸಿಗಲು ಮೂರು ದಿನ ಆಯಿತು. ಆ ಮೂರು ದಿನ ನಾವು ನಾಲ್ಕು ಜನ ಮೆಸ್ಸಿನಲ್ಲಿ ಊಟ ಮಾಡುತ್ತಾ ಅವನೇ ಇರಬೇಕು, ಇವನೇ ಇರಬೇಕು ಅಂತ ಜಗಳ ಆಡಿದ್ದೇ ಆಡಿದ್ದು. ಅಂಥ ಮೂರು ದಿನ ಮತ್ತೆ ಯಾವ ಸಿನಿಮಾವೂ ನನಗೆ ಕೊಟ್ಟಿಲ್ಲ.

ಒಂದು ಅಡ್ಡ ಮಾತು. ಭಾರತದ ಮೊದಲ ತಂಡ ಅಂಟಾರ್ಕ್ಟಿಕಾದಲ್ಲಿ ಇಳಿದದ್ದು ಇದೇ 1982ರ ಜನವರಿಯಲ್ಲಿ. ಮುಂದೆ ಅಂಥ ತಂಡಗಳಿಗೆ ನಮ್ಮ ಸಿದ್ದಾರ್ಥನಗರದ ರಕ್ಷಣಾ ಆಹಾರ ಪ್ರಯೋಗಾಲಯದ ಊಟದ ಪೊಟ್ಟಣಗಳು ಹೋಗಿವೆ. ಈ ಸಿನಿಮಾ ನೋಡುವಾಗೆಲ್ಲ ಆ ಕ್ಯಾಂಪಿನ ಅಡುಗೆಮನೆಯಲ್ಲಿ ಮೈಸೂರಿನ ಒಂದು ಪೊಟ್ಟಣ ಇದ್ದಿದ್ದರೆ ಅಂತ ಅನಿಸುತ್ತದೆ. ಸಾಯುವುದು ಹೇಗೂ ತಪ್ಪುವುದಿಲ್ಲ, ಹೊಟ್ಟೆಗಾದರೂ ಬಿಸಿ ಬಿಸಿ ಬೀಳುತ್ತಿತ್ತು.

ಇಷ್ಟು ಒಳ್ಳೆಯ ಸಿನಿಮಾ ಬಂದಾಗ ಓಡಲಿಲ್ಲ. 1982ರ ಜೂನ್ 25ಕ್ಕೆ ಬಿಡುಗಡೆ. ಎರಡು ವಾರ ಮೊದಲೇ 'ಇ.ಟಿ.' ಬಂದಿತ್ತು. ಅದರಲ್ಲಿ ಬೇರೆ ಲೋಕದ ಜೀವಿ ಮಕ್ಕಳ ಜೊತೆ ಆಡುತ್ತದೆ, ನೋಡಿದವರು ಅತ್ತುಕೊಂಡು ಹೊರಗೆ ಬರುತ್ತಾರೆ. ಅದರ ಪಕ್ಕದಲ್ಲಿ ಎದೆ ಬಾಯಿ ತೆರೆದು ಡಾಕ್ಟರ ಕೈ ಕಚ್ಚಿ ಹಾಕುವ ಜೀವಿಯನ್ನು ಯಾರು ನೋಡುತ್ತಾರೆ? ವಿಮರ್ಶಕರೂ ಬೈದರು. ಅದಕ್ಕೆ ಮರ್ಯಾದೆ ಸಿಕ್ಕಿದ್ದು ನಿಧಾನವಾಗಿ, ವಿಡಿಯೋ ಕ್ಯಾಸೆಟ್ಟಿನಲ್ಲಿ, ಟಿವಿಯಲ್ಲಿ.

29 ವರ್ಷ ಆದ ಮೇಲೆ, 2011ರಲ್ಲಿ ಇದಕ್ಕೆ ಹಿಂದಿನ ಕಥೆ ಬಂತು. ಆ ಸುಟ್ಟ ನಾರ್ವೆ ಕ್ಯಾಂಪಿನಲ್ಲಿ ಏನಾಯಿತು ಅನ್ನುವುದೇ ಕಥೆ. ಹೆಸರೂ ಅದೇ, 'ದ ಥಿಂಗ್'. ಇನ್ನೊಂದು ಹೆಸರು ಹುಡುಕುವ ಗೋಜಿಗೂ ಹೋಗಲಿಲ್ಲ. ನಿರ್ದೇಶಕ ಮಥೈಸ್ ವಾನ್ ಹೈನಿಂಗನ್, ನೆದರ್‌ಲೆಂಡ್ಸಿನವನು. ಅವನಿಗೆ ಮೊದಲ ಸಿನಿಮಾದ ಮೇಲೆ ಭಕ್ತಿ ಇದೆ, ಅದು ಪ್ರತಿ ಫ್ರೇಮಿನಲ್ಲೂ ಕಾಣುತ್ತದೆ. ತೊಂದರೆ ಆಗಿದ್ದೇ ಆ ಭಕ್ತಿಯಿಂದ ಅಂತ ನನಗೆ ಅನಿಸುತ್ತದೆ. 1982ರ ಕ್ಯಾಂಪಿನಲ್ಲಿ ಕಂಡ ಒಂದೊಂದು ವಸ್ತುವನ್ನೂ ಲೆಕ್ಕ ಇಟ್ಟುಕೊಂಡು, ಅದು ಅಲ್ಲಿಗೆ ಹೇಗೆ ಬಂತು ಅಂತ ತೋರಿಸುತ್ತಾನೆ. ಕೊಡಲಿ ಬಾಗಿಲಿಗೆ ಹೇಗೆ ಬಂತು, ತೋರಿಸಾಯಿತು. ಎರಡು ಮುಖದ ದೇಹ ಯಾರದು, ಎಡ್ವರ್ಡ್ ಮತ್ತು ಆಡಂ. ಕತ್ತು ಕುಯ್ದುಕೊಂಡವನು, ಅವನು ಕಾಲಿನ್. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು, ಅದು ಬರುವ ಹಾಗೆ ಲೆಕ್ಕ ಬಿಡಿಸುತ್ತಿದ್ದೆವಲ್ಲ, ಅದೇ ಕೆಲಸ. ಮೇಷ್ಟ್ರಿಗೆ ಗೊತ್ತಾಗದೇ ಇರುತ್ತಿತ್ತಾ?

ಇಷ್ಟು ಲೆಕ್ಕ ಇಟ್ಟೂ ತಪ್ಪಿದೆ. 1982ರ ಟೇಪಿನಲ್ಲಿ ನಾರ್ವೆಯವರು ಮಂಜಿಗೆ ಥರ್ಮೈಟ್ ಅನ್ನುವ ಉರಿಯುವ ಪುಡಿ ಇಟ್ಟು, ಆ ಪ್ರಾಣಿ ಬಂದ ಆಕಾಶದ ಹಡಗನ್ನು ಹೊರಗೆ ತೆಗೆಯುತ್ತಾರೆ. ಇಲ್ಲಿ ಅವರ ವಾಹನ ಮಂಜಿನ ಬಿರುಕಿಗೆ ಬಿದ್ದು, ಹಡಗು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಒಳ್ಳೆಯದೇ ಇಲ್ಲ ಅಂತ ಅಲ್ಲ. ಒಂದು ಯೋಚನೆ ನಿಜಕ್ಕೂ ಚೆನ್ನಾಗಿದೆ. ಆ ಪ್ರಾಣಿ ಮೈ, ಮೂಳೆ, ಕೂದಲು ಎಲ್ಲ ನಕಲು ಮಾಡುತ್ತದೆ, ಆದರೆ ಲೋಹ ಮಾಡಲು ಬರುವುದಿಲ್ಲ. ಹಾಗಾಗಿ ಹಲ್ಲಿಗೆ ತುಂಬಿಸಿದ ಫಿಲ್ಲಿಂಗ್ ಆಚೆ ಉಗುಳುತ್ತದೆ. ಕೇಟ್ ಅನ್ನುವ ವಿಜ್ಞಾನಿ, ಮೇರಿ ಎಲಿಜಬೆತ್ ವಿನ್‌ಸ್ಟೆಡ್ ಮಾಡಿದ ಪಾತ್ರ, ಟಾರ್ಚ್ ಹಿಡಿದು ಒಬ್ಬೊಬ್ಬರ ಬಾಯೊಳಗೆ ನೋಡುತ್ತಾಳೆ. ಫಿಲ್ಲಿಂಗ್ ಇದ್ದವನು ಮನುಷ್ಯ. ಇಲ್ಲದವನು? ಪಾಪ, ಅವನ ಹಲ್ಲು ಚೆನ್ನಾಗಿದ್ದಿರಲೂಬಹುದು! ದಿನಾ ಎರಡು ಹೊತ್ತು ಹಲ್ಲುಜ್ಜಿದ್ದೇ ಅವನ ಮೇಲೆ ಅನುಮಾನ ತರುತ್ತದೆ. ಈ ಒಂದು ಎಳೆ ಹಿಡಿದು ಅರ್ಧ ಗಂಟೆ ಕೂರಿಸಬಹುದಿತ್ತು. ಸಿನಿಮಾಕ್ಕೆ ಪುರುಸೊತ್ತಿಲ್ಲ. ಹಲ್ಲು ನೋಡಿ ಮುಗಿಯುವ ಹೊತ್ತಿಗೆ ಬೆಂಕಿ, ಕಿರುಚಾಟ, ಓಟ. ಕೊನೆಯಲ್ಲಿ ಒಂದು ಕಿವಿಯೋಲೆಯ ಮಾತು ಬರುತ್ತದೆ, ಅದೂ ಚೆನ್ನಾಗಿದೆ. ಜೊತೆಗಿದ್ದವನ ಕಿವಿಯಲ್ಲಿ ಓಲೆ ಇಲ್ಲ. ಎಲ್ಲಿ ಅಂದರೆ ಅವನು ಇನ್ನೊಂದು ಕಿವಿ ಮುಟ್ಟಿಕೊಳ್ಳುತ್ತಾನೆ. ಅಷ್ಟೇ. ಆ ಗಳಿಗೆಯಲ್ಲಿ ಮಾತ್ರ ನನಗೆ ಹಳೆಯ ಸಿನಿಮಾದ ಚಳಿ ತಾಗಿತು.

ಉಳಿದ ಕಡೆ ಆ ಪ್ರಾಣಿಗೇ ಬುದ್ಧಿ ಇಲ್ಲ. 1982ರದ್ದು ಕಳ್ಳ. ಸಿಕ್ಕಿಬಿದ್ದಾಗ ಮಾತ್ರ ಹೊರಗೆ ಬರುತ್ತದೆ, ಇಲ್ಲವಾದರೆ ಮೂಲೆಯಲ್ಲಿ ನಿಮ್ಮ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತದೆ. 2011ರದ್ದು ಹಾರುತ್ತಿರುವ ಹೆಲಿಕಾಪ್ಟರಿನೊಳಗೇ ಮೈ ಸೀಳಿಕೊಂಡು ಎದ್ದು ನಿಲ್ಲುತ್ತದೆ. ಆರಾಮಾಗಿ ಊರು ಸೇರುತ್ತಿದ್ದೆಯಲ್ಲಪ್ಪ, ಏನು ಅವಸರ?

ಇದಕ್ಕೂ ಗ್ರಾಫಿಕ್ಸಿಗೂ ಸಂಬಂಧ ಇದೆ. 1982ರಲ್ಲಿ ಆ ಪ್ರಾಣಿಯನ್ನು ಮಾಡಿದವನು ರಾಬ್ ಬಾಟಿನ್, ಆಗಿನ್ನೂ 22ರ ಆಸುಪಾಸಿನ ಹುಡುಗ. ರಬ್ಬರು, ಚ್ಯೂಯಿಂಗ್ ಗಮ್, ಮೇಯನೇಸ್, ಏನು ಸಿಕ್ಕಿತೋ ಅದೆಲ್ಲ ಕಲಸಿ ಮಾಡಿದ. ಒಂದು ವರ್ಷಕ್ಕೂ ಜಾಸ್ತಿ ಭಾನುವಾರವೂ ಬಿಡದೆ ದುಡಿದು ಕೊನೆಗೆ ಆಸ್ಪತ್ರೆ ಸೇರಿದ. ನಾಯಿ ಗೂಡಿನ ಪ್ರಾಣಿಯನ್ನು ಸ್ಟಾನ್ ವಿನ್‌ಸ್ಟನ್ ಮಾಡಿಕೊಡಬೇಕಾಯಿತು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಬೇಕೆಂದಾಗ ಓಡಾಡಿಸಲು ಆಗುವುದಿಲ್ಲ. ಹಾಗಾಗಿ ಕಡಿಮೆ ತೋರಿಸಿದರು. ಕಡಿಮೆ ತೋರಿಸಿದ್ದಕ್ಕೇ ನಾವು ಹೆದರಿದೆವು. 2011ರವರೂ ಮೊದಲು ಕೈಯಲ್ಲೇ ಮಾಡಿಸಿದ್ದರು. ಅಲೆಕ್ ಗಿಲ್ಲಿಸ್, ಟಾಮ್ ವುಡ್‌ರಫ್ ಅನ್ನುವ ಪಳಗಿದ ಇಬ್ಬರು ಒಳ್ಳೊಳ್ಳೆ ಪ್ರಾಣಿಗಳನ್ನು ಮಾಡಿ ಕೊಟ್ಟಿದ್ದರು. ಆಮೇಲೆ ಸ್ಟುಡಿಯೋದವರು ಅದರ ಮೇಲೆಲ್ಲ ಕಂಪ್ಯೂಟರ್ ಚಿತ್ರ ಬಳಿಸಿದರು. ಹಳೆಯ ತೇಗದ ಬಾಗಿಲಿಗೆ ಸನ್‌ಮೈಕಾ ಅಂಟಿಸಿದ ಹಾಗೆ. ಅವರಿಬ್ಬರೂ ಬಳಿಯುವ ಮೊದಲಿನ ಕೆಲಸವನ್ನು ಯೂಟ್ಯೂಬಿನಲ್ಲಿ ಹಾಕಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ರೋಗ ಇದೊಂದಕ್ಕೇ ಬಂದದ್ದಲ್ಲ. ಮರುವರ್ಷವೇ, 2012ರಲ್ಲಿ, 'ಏಲಿಯನ್'ಗೆ ಹಿಂದಿನ ಕಥೆಯಾಗಿ 'ಪ್ರೊಮೀಥಿಯಸ್' ಬಂತು. 1979ರ 'ಏಲಿಯನ್'ನಲ್ಲಿ ಕುರ್ಚಿಯಲ್ಲೇ ಕಲ್ಲಾಗಿ ಹೋದ ಒಂದು ಭಾರೀ ದೇಹ ಇದೆ. ಕುರ್ಚಿಯಿಂದಲೇ ಬೆಳೆದಂತಿದೆ. ಯಾರು, ಎಲ್ಲಿಯವನು, ಒಂದೂ ಗೊತ್ತಿಲ್ಲ. ಎದೆಯಲ್ಲಿ ಒಳಗಿಂದ ಹೊರಕ್ಕೆ ಒಡೆದ ತೂತು. 33 ವರ್ಷ ನಾವು ಆ ತೂತನ್ನೇ ನೋಡುತ್ತಾ ಕೂತಿದ್ದೆವು. ಮಾಡಿದ ರಿಡ್ಲಿ ಸ್ಕಾಟೇ ಬಂದು, ಅದು ದೇಹ ಅಲ್ಲ ಕಣ್ರಪ್ಪ, ಹಾಕಿಕೊಂಡ ಉಡುಪು, ಒಳಗಿದ್ದವನು ಇವನು ಅಂತ ತೋರಿಸಿದ. ನೋಡಿದರೆ ಬೋಳುತಲೆಯ, ಬೆಳ್ಳಗಿನ, ಕಟ್ಟುಮಸ್ತಾದ ಒಬ್ಬ ಆಳು! ನಮ್ಮ ಮೈಸೂರಿನ ಯಾವುದೋ ಗರಡಿಮನೆಯಿಂದ ಮಟ್ಟಿ ಒರೆಸಿಕೊಂಡು ನೇರ ಎದ್ದು ಬಂದ ಪೈಲ್ವಾನನ ಹಾಗೆ.

ಹೋದ ತಿಂಗಳು ಅಕ್ಕನ ಮಗ ನಾಲ್ಕು ದಿನ ಕುವೆಂಪುನಗರದ ನಮ್ಮ ಮನೆಯಲ್ಲಿದ್ದ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಎರಡೂ ಸಿನಿಮಾ ನೋಡೋಣ ಅಂದೆ. 'ಮಾವ, ನಾನು 2011ರದ್ದು ನೋಡಿಬಿಟ್ಟೆ. ಕಥೆಯಲ್ಲಿ ಅದೇ ಮೊದಲು ಅಲ್ವಾ?' ಅಂದ. ನನಗೆ ಎದೆ ಧಸಕ್ ಅಂತು. ಆಯ್ತು ಬಾ, ಹಳೆಯದು ನೋಡು ಅಂತ ಹಾಕಿದೆ.

ಸುಟ್ಟ ಕ್ಯಾಂಪು ಬಂತು. ನಾನು ಪರದೆ ಬಿಟ್ಟು ಅವನ ಮುಖ ನೋಡುತ್ತಿದ್ದೆ. ಅವನು ಮಿಕ್ಸ್‌ಚರ್ ತಿನ್ನುತ್ತಾ, 'ಇದು ಕಾಲಿನ್. ಇದು ಆ ಎಡ್ವರ್ಡು-ಆಡಂ ಸೇರಿಕೊಂಡಿದ್ದು' ಅಂತ ಮದುವೆ ಆಲ್ಬಮ್ ತೋರಿಸುವವರ ಹಾಗೆ ಹೇಳುತ್ತಾ ಹೋದ. ಕೊಡಲಿ ಬಂದಾಗ, 'ಹಾಂ, ಕೊಡಲಿ' ಅಂದ. ನನ್ನ ಪಾಲಿಗೆ ಇಡೀ ಸಿನಿಮಾದ ಭಯ ಹುಟ್ಟುವ ಜಾಗ ಅವನಿಗೆ ಗುರುತಿನವರು ಸಿಕ್ಕ ಸಂತೆ.

ಆದರೆ ಸುಳ್ಳು ಯಾಕೆ ಹೇಳಲಿ, ಒಂದು ಕಡೆ ಅವನು ನನ್ನನ್ನು ಸೋಲಿಸಿದ. ಮೊದಲ ಭಾಗದಲ್ಲಿ ಆ ನಾಯಿ ಮೆಲ್ಲಗೆ ಓಣಿಯಲ್ಲಿ ನಡೆಯುತ್ತದೆ. ಬೊಗಳುವುದಿಲ್ಲ. ಬಾಲ ಅಲ್ಲಾಡಿಸುವುದಿಲ್ಲ. ಬಾಗಿಲ ಹತ್ತಿರ ನಿಂತು ಒಳಗೆ ನೋಡುತ್ತದೆ. ಜೆಡ್ ಅಂತ ಅದರ ಹೆಸರು, ಅರ್ಧ ತೋಳದ ತಳಿ. ಅಷ್ಟು ತಣ್ಣಗೆ ನಟಿಸುವವರು ಮನುಷ್ಯರಲ್ಲೂ ಕಡಿಮೆ. ಮೊದಲ ಸಲ ನೋಡಿದಾಗ ನನಗೆ ಅದು ಬರೀ ನಾಯಿ, ಏನೋ ಸರಿ ಇಲ್ಲ ಅನಿಸಿತ್ತು ಅಷ್ಟೇ. ಇವನಿಗೆ ಅದು ಏನು ಅಂತ ಮೊದಲೇ ಗೊತ್ತು. ಯಾರೋ ಅದರ ತಲೆ ಸವರಿದಾಗ ಮಿಕ್ಸ್‌ಚರ್ ಬಟ್ಟಲು ಕೆಳಗಿಟ್ಟು, 'ಮುಟ್ಬೇಡ್ರೋ' ಅಂತ ಕೂಗಿದ. ಕಾಲು ಮೇಲಕ್ಕೆ ಎಳೆದುಕೊಂಡು ಸೋಫಾದ ಮೇಲೆ ಕೂತ. ಹತ್ತು ನಿಮಿಷ ಮಾತಿಲ್ಲ.

ಆಮೇಲೆ ಅವನೇ ಫೋನಿನಲ್ಲಿ ಏನೋ ಹುಡುಕಿ ಓದಿ ಹೇಳಿದ. ಹೆಲಿಕಾಪ್ಟರಿನಿಂದ ಇಳಿದ ನಾರ್ವೆಯವನು ಬಂದೂಕು ಹಿಡಿದು ಕಿರುಚುತ್ತಾನಲ್ಲ, ಅದು ಅರ್ಥವಿಲ್ಲದ ಕೂಗಲ್ಲ. ದೂರ ಹೋಗಿ, ಅದು ನಾಯಿ ಅಲ್ಲ, ನಾಯಿಯ ಹಾಗೆ ನಟಿಸುತ್ತಿದೆ ಅಂತ ಸರಿಯಾಗಿಯೇ ಹೇಳುತ್ತಿದ್ದಾನೆ, ಅವನ ಭಾಷೆಯಲ್ಲಿ. ಕೆಳಗೆ ಅಕ್ಷರ ಹಾಕಿಲ್ಲ. ಅಮೆರಿಕನ್ನರಿಗೆ ಅರ್ಥವಾಗುವುದಿಲ್ಲ, ನಮಗೂ ಇಲ್ಲ. ಓಸ್ಲೋದಲ್ಲಿ ಕೂತು ನೋಡುವವರಿಗೆ ಮಾತ್ರ ಮೊದಲ ಹತ್ತು ನಿಮಿಷದಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ. ಇಷ್ಟು ವರ್ಷ ನೋಡಿದರೂ ನನಗಿದು ತಿಳಿದಿರಲಿಲ್ಲ.

ಆ ಭಾನುವಾರ ಇಬ್ಬರೂ ಊರಿಗೆ ಹೋದೆವು. ಅಜ್ಜಿ ಹೋಗಿ ಬಹಳ ವರ್ಷ ಆಯಿತು. ಈಗ ಆ ಮನೆಯಲ್ಲಿ ದೊಡ್ಡಪ್ಪ ಇದ್ದಾರೆ, ಎಂಬತ್ತು ದಾಟಿದೆ. ದಾರಿಯಲ್ಲೇ ಹುಡುಗನಿಗೆ ಬೀರನ ಕಥೆ ಹೇಳಿದ್ದೆ. ಅವನಮ್ಮ ಕೊಟ್ಟ ಕುಂಟು ಕಾಲಿನ ಸಮೇತ. ಅವನು ಒಳಗೆ ಕಾಲಿಟ್ಟವನೇ ವಾಡ ನೋಡಿ, 'ತಾತ, ಈ ಬೀರ ಯಾರು?' ಅಂತ ಕೇಳಿಯೇಬಿಟ್ಟ. ನಲವತ್ತು ವರ್ಷದಲ್ಲಿ ನಾವು ಯಾರೂ ದೊಡ್ಡಪ್ಪನನ್ನು ಕೇಳದೇ ಬಿಟ್ಟಿದ್ದು.

'ಯಾವ್ ಬೀರನ್ಲಾ?' ಅಂದರು ದೊಡ್ಡಪ್ಪ.

ಕೊಡಲಿ ಏಟು ತೋರಿಸಿದೆವು. ಅಜ್ಜಿ ಹೇಳಿದ್ದು ಹೇಳಿದೆ. ಅವರು ಕೆಮ್ಮು ಬರುವ ತನಕ ನಕ್ಕರು.

'ಬೀರಂದಲ್ಲ ಕಣ್ಲಾ, ಬೀರುಂದು! ಬೀರು! ನನ್ ಮದ್ವೇಲಿ ನಿಮ್ ದೊಡ್ಡವ್ವನ ತವರವ್ರು ಒಂದ್ ಕಬ್ಬುಣದ ಬೀರು ಕೊಟ್ರು. ಮಂಡ್ಯದಿಂದ ಎತ್ತಿನ್ ಗಾಡೀಲಿ ತಂದ್ವಿ. ಬಾಗ್ಲಲ್ಲಿ ಹಿಡೀನಿಲ್ಲ. ಅಡ್ಡ ಮಾಡ್ದೋ, ಉದ್ದ ಮಾಡ್ದೋ, ಊಹೂಂ. ನಿಮ್ ತಾತುಂಗೆ ಸಿಟ್ ಬಂದು ಕೊಡ್ಲಿ ತಕ್ಕಂಡು ಮೂರ್ ಏಟ್ ಹಾಕುದ್ರು. ನಮ್ಮವ್ವ ಓಡ್ ಬಂದು ವಾಡ ತಬ್ಕಂಡು ನಿಂತ್ಕಂಡ್ಳು. ಅಷ್ಟೇಯಾ.'

ನಾನು ಪೆಚ್ಚಾಗಿ ನಿಂತೆ. ಬೀರು ಅನ್ನುವ ಮಾತು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೀರು ಹೋಗಿ ಬಾಗಿಲಿಗೆ ಏಟು ಹಾಕುತ್ತದಾ? ಬೀರನೇ ಆಗಬೇಕಿತ್ತು. ಒಂದು ಕಣ್ಣು, ಒಂದು ಕಾಲು, ಜಮೀನಿನ ವ್ಯಾಜ್ಯ, ಎಲ್ಲ ಒಂದೇ ಮಾತಿಗೆ ಹೋಯಿತು. ಫೋನ್ ಮಾಡಿ ಹೇಳಿದರೆ ಅಕ್ಕ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, 'ನೀನು ಯಾಕೋ ಕೇಳೋಕೆ ಹೋದೆ' ಅಂತ ಬೈದಳು.

ಹುಡುಗನಿಗೆ ಮಾತ್ರ ಕಥೆ ಇನ್ನೂ ಮುಗಿದಿರಲಿಲ್ಲ. 'ಆಮೇಲೆ ಬೀರು ಒಳಗೆ ಹೋಯ್ತಾ ತಾತ?' ಅಂದ.

'ಎಲ್ಲೋದದು? ಅಲ್ಲೇ ಐತಲ್ಲ ನೋಡು' ಅಂತ ದೊಡ್ಡಪ್ಪ ಪಡಸಾಲೆ ಮೂಲೆಯ ಕಡೆ ಗದ್ದ ತೋರಿಸಿದರು. ಹಸಿರು ಬಣ್ಣ ಸುಲಿದು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟು, ಮೇಲೆ ಗೊಬ್ಬರದ ಖಾಲಿ ಚೀಲ ಹೊತ್ತು ನಿಂತಿತ್ತು. ಬೀರ ಬಂದ ಅಂತ ಕೂಗಿದಾಗೆಲ್ಲ ನಾವು ಆರು ಜನ ಉಸಿರು ಬಿಗಿಹಿಡಿದು ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಅದರ ಹಿಂದೆಯೇ.